ಕಾಕಾಗೆ ಕೇಳಿ: ಕರಿಕಲ್ಲಿನ ಗುಡ್ಡಗಳಲ್ಲಿ ಸೈಕಲ್

(ಉತ್ತರಿಸುವವರು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದ ನಿವೃತ್ತ ಅಂಚೆಯಣ್ಣ. 31 ವರ್ಷ ಸೈಕಲ್ ಮೇಲೆ ಹಳ್ಳಿಗಳಿಗೆ ಟಪಾಲು ಮುಟ್ಟಿಸಿದವರು.)

ಪ್ರಶ್ನೆ: ಕಾಕಾ, ನನಗೆ 41 ವರ್ಷ. ಊರಲ್ಲೇ ಹೊಲಿಗೆ ಅಂಗಡಿ ಇದೆ. ದೀಪಾವಳಿಗೆ ಗೇರ್ ಸೈಕಲ್ ತಗೊಂಡೆ. ಮೊದಲ ವಾರವೇ ಸಂಕೇಶ್ವರ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಮೈಗೆ ತಾಗುವಷ್ಟು ಹತ್ತಿರ ಹೋಯಿತು. ಅವತ್ತಿನಿಂದ ಸೈಕಲ್ ಪಡಸಾಲೆಯಲ್ಲೇ ನಿಂತಿದೆ. ಗದ್ದಲ ಇಲ್ಲದ ದಾರಿ ಯಾವುದಾದರೂ ಇದೆಯಾ? ಗುಡ್ಡ ಹತ್ತುವ ಆಸೆ ಇದೆ, ಏರು ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ.
— ಓದುಗರೊಬ್ಬರು, ಗಡಹಿಂಗ್ಲಜ

ಉತ್ತರ: ತಂಗಿ, ನೀವು ಹೆದರಿದ್ದರಲ್ಲಿ ತಪ್ಪೇನೂ ಇಲ್ಲ. ಸಂಕೇಶ್ವರದಿಂದ ನಮ್ಮೂರು, ಆಜರಾ, ಅಂಬೋಲಿ ದಾಟಿ ಬಾಂದಾಕ್ಕೆ ಹೋಗುವ ಆ ರಸ್ತೆ ಈಗ ಹೆದ್ದಾರಿ. ಗೋವಾದ ಗಾಡಿಗಳು ಅದರ ಮೇಲೇ ಓಡುತ್ತವೆ. ದೀಪಾವಳಿ ಮುಗಿಯುವ ಹೊತ್ತಿಗೆ ಕಬ್ಬಿನ ಹಂಗಾಮು ಬೇರೆ. ಟ್ರ್ಯಾಕ್ಟರ್ ಹಿಂದೆ ಎರಡು ಟ್ರೇಲರ್ ಇರುತ್ತವೆ. ಮುಂದಿನದು ನಿಮ್ಮನ್ನು ದಾಟಿತು ಅಂತ ನೀವು ಸ್ವಲ್ಪ ಬಲಕ್ಕೆ ಬಂದರೆ ಹಿಂದಿನದು ಓಲಾಡುತ್ತಾ ಬರುತ್ತದೆ. ಹಂಗಾಮು ಮುಗಿಯುವವರೆಗೆ, ಅಂದರೆ ಮಾರ್ಚ್ ತನಕ, ಆ ರಸ್ತೆ ಬಿಟ್ಟುಬಿಡಿ. ಸಂಜೆ ಕತ್ತಲಲ್ಲಂತೂ ಬೇಡವೇ ಬೇಡ.

ಏರಿನ ಭಯಕ್ಕೆ ನನ್ನ ಹತ್ತಿರ ಒಂದೇ ಮದ್ದು ಇದೆ. ಗುಡ್ಡವನ್ನು ದೂರದಿಂದ ಸರಿಯಾಗಿ ನೋಡಿ. ಒಂದು ಕಡಿದಾದ ಗೋಡೆ, ಮೇಲೆ ಸ್ವಲ್ಪ ಸಪಾಟು, ಮತ್ತೆ ಗೋಡೆ, ಮತ್ತೆ ಸಪಾಟು. ತುದಿಯಲ್ಲಿ ಚಪ್ಪಟೆ ಮಡ್ಡಿ. ನಮ್ಮ ಕಡೆಯ ಗುಡ್ಡಗಳು ಹೆಚ್ಚಿನವು ಹೀಗೇ ಇವೆ. ಲಾವಾ ರಸ ಒಂದರ ಮೇಲೊಂದು ಹರಿದು, ಪದರ ಪದರವಾಗಿ ಗಟ್ಟಿಯಾಗಿ ಆದ ಗುಡ್ಡಗಳಿವು. ಗಟ್ಟಿ ಪದರ ಗೋಡೆಯಂತೆ ನಿಂತಿತು, ಮೆತ್ತನೆಯ ಪದರ ಮಳೆಗೆ ಸವೆದು ಇಳಿಜಾರಾಯಿತು. ನನ್ನ ಮಗಳು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಾಳೆ. ಈ ಕಲ್ಲಿಗೆ ‘ಟ್ರ್ಯಾಪ್’ ಅನ್ನುವ ಹೆಸರು ಬಂದದ್ದು ಮೆಟ್ಟಿಲು ಅನ್ನುವ ಅರ್ಥದ ಸ್ವೀಡಿಷ್ ಮಾತಿನಿಂದ ಅಂತ ಅವಳು ಹೇಳಿದ ದಿನ ನಾನು ಬಹಳ ಹೊತ್ತು ಸುಮ್ನೆ ಕೂತಿದ್ದೆ. ಆ ಮೆಟ್ಟಿಲುಗಳನ್ನು ನನ್ನ ಮೊಣಕಾಲುಗಳು ಮೊದಲೇ ಎಣಿಸಿದ್ದವು.

ಸೈಕಲ್ ತುಳಿಯುವವರಿಗೆ ಇದರಿಂದ ಏನು ಲಾಭ ಅಂದರೆ, ಇಲ್ಲಿನ ಏರು ಕೊನೆಯಿಲ್ಲದೆ ಹೋಗುವುದು ಕಡಿಮೆ. ಜೀವ ಬಾಯಿಗೆ ಬಂತು ಅನ್ನುವಷ್ಟರಲ್ಲಿ ಒಂದು ಸಪಾಟು ಸಿಗುತ್ತದೆ. ಹಾಗಾಗಿ ಮೇಲಿನ ತುದಿ ನೋಡಬೇಡಿ. ಮುಂದಿನ ಮೆಟ್ಟಿಲಷ್ಟೇ ನೋಡಿ. ಕಡಿದಾದ ಜಾಗ ಶುರುವಾಗುವ ಮೊದಲೇ ಗೇರ್ ಇಳಿಸಿ. ಕಾಲು ಭಾರವಾದ ಮೇಲೆ ಬದಲಿಸಲು ಹೋದರೆ ಚೈನ್ ಕಟಕಟ ಅನ್ನುತ್ತದೆ, ಕೆಲವೊಮ್ಮೆ ಬಿದ್ದೂ ಹೋಗುತ್ತದೆ. ಸಪಾಟು ಸಿಕ್ಕ ಕೂಡಲೇ ಜೋರು ಮಾಡಬೇಡಿ. ಅಲ್ಲಿ ಉಸಿರು ಕೂಡಿಸಿಕೊಳ್ಳಿ.

ಮೊದಲ ದಾರಿ ಸಾಮಾನಗಡ ಕೋಟೆಗೆ. ಭಡಗಾಂವ, ಚಿಂಚೇವಾಡಿ ಮೇಲೆ ಹೋಗಬೇಕು. ಊರಿಂದ ಹತ್ತು ಹನ್ನೆರಡು ಕಿಲೋಮೀಟರ್. ಬೆಳಗ್ಗೆ 6 ಗಂಟೆಗೆ ಹೊರಡಿ. ಆ ಹೊತ್ತಿಗೆ ಹಾಲಿನ ಕ್ಯಾನ್ ಕಟ್ಟಿದ ಬೈಕುಗಳನ್ನು ಬಿಟ್ಟರೆ ಬೇರೆ ಏನೂ ಎದುರಾಗುವುದಿಲ್ಲ. ಮೊದಲರ್ಧ ಕಬ್ಬು, ಜೋಳ, ಸಣ್ಣ ಏರಿಳಿತ. ಕೋಟೆ ಊರಿಗಿಂತ 200 ಮೀಟರ್‌ಗಿಂತ ಜಾಸ್ತಿ ಎತ್ತರದಲ್ಲಿದೆ, ಅದರಲ್ಲಿ ಹೆಚ್ಚಿನದನ್ನು ಕೊನೆಯ ಭಾಗದಲ್ಲೇ ಹತ್ತಬೇಕು. ನಡುವೆ ಇಳಿದು ಸೈಕಲ್ ತಳ್ಳಿದರೆ ಏನೂ ಕಡಿಮೆ ಆಗುವುದಿಲ್ಲ. ಟಪಾಲು ಚೀಲ ಇದ್ದಾಗ ನಾನೂ ತಳ್ಳಿಯೇ ಹೋಗಿದ್ದೇನೆ.

ಮೇಲೆ ಹೋಗುತ್ತಾ ಕಲ್ಲಿನ ಬಣ್ಣ ಬದಲಾಗುವುದನ್ನು ಗಮನಿಸಿ. ಕೆಳಗೆ ಕರಿಕಲ್ಲು, ಮೇಲೆ ಕೆಂಪು ಜಂಬಿಟ್ಟಿಗೆ. ಆ ಕೆಂಪು ಕಲ್ಲು ಬೇರೆಲ್ಲಿಂದಲೋ ಬಂದದ್ದಲ್ಲ. ಕರಿಕಲ್ಲೇ ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಸಿಕ್ಕು, ಒಳಗಿನ ಕಬ್ಬಿಣ ಉಳಿದು ಕೆಂಪಾದದ್ದು. ಕೋಟೆಯ ಏಳು ಕಮಾನಿನ ಬಾವಿ ತೋಡಿರುವುದು ಅದರಲ್ಲೇ. 1844ರಲ್ಲಿ ಬ್ರಿಟಿಷರ ವಿರುದ್ಧ ಗಡಕರಿಗಳ, ಅಂದರೆ ಕೋಟೆ ಕಾಯುವವರ, ಬಂಡಾಯ ಎದ್ದದ್ದೂ ಇದೇ ಕೋಟೆಯಲ್ಲಿ. ಕಮಾನಿನ ನೆರಳಲ್ಲಿ ಕೂತು ಬುತ್ತಿ ಬಿಚ್ಚಿ. ನೀರು ಮಾತ್ರ ಮನೆಯಿಂದಲೇ ಎರಡು ಬಾಟಲಿ ಒಯ್ಯಿರಿ.

ಇಳಿಯುವಾಗ ಒಂದು ಎಚ್ಚರ. ಈ ಇಳಿಜಾರಲ್ಲೇ ನಾನು ಒಮ್ಮೆ ಬಿದ್ದೆ. ಕಡಿ ತುಂಬಿದ ಲಾರಿಯೊಂದು ತಿರುವಿನಲ್ಲಿ ಒಂದಿಷ್ಟು ಚೆಲ್ಲಿಕೊಂಡು ಹೋಗಿತ್ತು. ಕರಿಕಲ್ಲಿನ ಕಡಿ ಚೂಪು. ಟೈರ್ ಸೀಳಿತು, ಮೊಣಕೈ ಹರಿಯಿತು, ಕಾಗದಗಳು ರಸ್ತೆ ತುಂಬಾ ಹರಡಿದವು. ಕುರಿ ಕಾಯುವ ಹುಡುಗರಿಬ್ಬರು ಒಂದೊಂದೇ ಆರಿಸಿ ಕೊಟ್ಟರು. ಒಂದೂ ಕಳೆಯಲಿಲ್ಲ. ಅವತ್ತಿನಿಂದ ತಿರುವಿಗೆ ಮೊದಲೇ ಬ್ರೇಕ್ ಹಿಡಿಯುತ್ತೇನೆ, ತಿರುವಿನ ಒಳಗೆ ಹಿಡಿಯುವುದಿಲ್ಲ. ನೀವೂ ಹಾಗೇ ಮಾಡಿ.

ಎರಡು ತಿಂಗಳು ಇದನ್ನು ರೂಢಿ ಮಾಡಿಕೊಂಡ ಮೇಲೆ ಅಂಬೋಲಿ ಕಡೆ ಹೋಗಿ. ಹೆದ್ದಾರಿಯಲ್ಲಿ ತುಳಿದುಕೊಂಡು ಅಲ್ಲ. ಅಂಬೋಲಿ ತನಕ ಸೈಕಲ್ಲನ್ನು ಟೆಂಪೋದಲ್ಲಿ ಹಾಕಿಸಿ. ಅಲ್ಲಿಂದ ಚೌಕುಳಕ್ಕೆ ಹೋಗುವ ಸಣ್ಣ ರಸ್ತೆ ಹಿಡಿಯಿರಿ. ಸಹ್ಯಾದ್ರಿಯ ಅಂಚಿನ ಮಡ್ಡಿ ಅದು. ಏರಿಳಿತ ಹಗುರ, ಗಾಡಿ ಬಹಳ ಕಡಿಮೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಂಡೆಯ ಮೇಲೆಲ್ಲ ಸಣ್ಣ ಸಣ್ಣ ಹೂ. ಅದೇ ಕಡೆಗೆ ಹಿರಣ್ಯಕೇಶಿ ಹುಟ್ಟುವ ಗುಹೆ ಇದೆ. ನಮ್ಮೂರ ಹೊಳೆ ಆ ಕಲ್ಲಿನ ಬಾಯಿಂದ ಹೊರಗೆ ಬರುವುದನ್ನು ನೋಡಿದಾಗ ನನಗೆ ಕಣ್ಣು ತುಂಬಿತ್ತು. ಜೂನ್‌ನಿಂದ ಆಗಸ್ಟ್ ತನಕ ಮಾತ್ರ ಹೋಗಬೇಡಿ. ಮಹಾರಾಷ್ಟ್ರದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಅಂಬೋಲಿ ಒಂದು. ಮಂಜಿನಲ್ಲಿ ಹತ್ತು ಮಾರು ಮುಂದೆ ಕಾಣಿಸುವುದಿಲ್ಲ.

ಆಜರಾ, ಚಂದಗಡದ ಒಳದಾರಿಗಳೂ ಚೆನ್ನಾಗಿವೆ. ಆದರೆ ಅಲ್ಲಿ ಆನೆ ತಿರುಗುತ್ತದೆ, ಕಾಡುಕೋಣವೂ ಇದೆ. ಹೊರಡುವ ಮೊದಲು ಹಳ್ಳಿಯ ಚಹಾ ಅಂಗಡಿಯಲ್ಲಿ ಕೇಳಿ. ನಿನ್ನೆ ರಾತ್ರಿ ಯಾರ ಕಬ್ಬು ತಿಂದಿದೆ ಅಂತ ಅವರಿಗೆ ಗೊತ್ತಿರುತ್ತದೆ. ಬೇಡ ಅಂದರೆ ವಾಪಸ್ ಬನ್ನಿ.

ಪ್ರಶ್ನೆ: ಅಜ್ಜಾ, ನಮ್ಮ ಹೊಲದ ಕರಿಕಲ್ಲು ಜ್ವಾಲಾಮುಖಿಯಿಂದ ಬಂದದ್ದು ಅಂತ ಸರ್ ಹೇಳಿದರು. ಆ ಜ್ವಾಲಾಮುಖಿ ಎಲ್ಲಿದೆ? ಸೈಕಲ್ ಮೇಲೆ ಹೋಗಿ ನೋಡಬಹುದಾ? ಮತ್ತೆ ಸಿಡಿಯುತ್ತದಾ?
— 7ನೇ ತರಗತಿ ವಿದ್ಯಾರ್ಥಿನಿ, ಜತ್ತ ತಾಲೂಕು, ಸಾಂಗ್ಲಿ ಜಿಲ್ಲೆ

ಉತ್ತರ: ಮಗಳೇ, ಚಿತ್ರದಲ್ಲಿ ಇರುವಂಥ ಹೊಗೆಯಾಡುವ ಬೆಟ್ಟ ಇಲ್ಲಿ ಇರಲಿಲ್ಲ. ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದೆ ನೆಲವೇ ಉದ್ದುದ್ದಕ್ಕೆ ಬಿರುಕು ಬಿಟ್ಟು, ಅದರಿಂದ ಲಾವಾ ಉಕ್ಕಿ ಹರಿಯಿತು. ಹಾಲು ಉಕ್ಕಿ ಒಲೆಯ ಕಟ್ಟೆ ತುಂಬಾ ಹರಡುತ್ತದಲ್ಲ, ಹಾಗೆ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಈಗಲೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲದ ಮೇಲೆ ಆ ಕಲ್ಲು ಹಾಸಿಕೊಂಡಿದೆ. ಬಿರುಕುಗಳು ಯಾವತ್ತೋ ಮುಚ್ಚಿಹೋದವು. ನಿಮ್ಮ ಹೊಲ ಸಿಡಿಯುವುದಿಲ್ಲ. ನಿಶ್ಚಿಂತೆಯಾಗಿ ಮಲಗು.

ನೋಡಲು ಬೇಕಾದದ್ದು ನಿಮ್ಮೂರಲ್ಲೇ ಇದೆ. ದೊಡ್ಡವರ ಜೊತೆ ಹೋಗಿ, ಕಟ್ಟೆಯಿರುವ ಒಂದು ತೆರೆದ ಬಾವಿಯ ಎದುರುಗೋಡೆ ನೋಡು. ಕರಿ ಪದರಗಳ ನಡುವೆ ಕೆಲವು ಕಡೆ ಇಟ್ಟಿಗೆಯಂಥ ಕೆಂಪು ಪಟ್ಟಿ ಕಾಣಿಸುತ್ತದೆ. ಒಂದು ಲಾವಾ ಹರಿದು ಆರಿ, ಅದರ ಮೇಲೆ ಮಣ್ಣಾಗುವಷ್ಟು ಕಾಲ ಕಳೆದು, ಆಮೇಲೆ ಇನ್ನೊಂದು ಲಾವಾ ಬಂದಿದೆ. ಆ ಹಳೆಯ ಮಣ್ಣೇ ಕೆಂಪು ಪಟ್ಟಿ. ತೂತು ತೂತಾದ ಕಲ್ಲು ಸಿಕ್ಕರೆ ಎತ್ತಿಕೋ. ಲಾವಾದೊಳಗಿನ ಗಾಳಿಗುಳ್ಳೆಗಳ ಜಾಗ ಅವು. ಕೆಲವು ತೂತುಗಳಲ್ಲಿ ಬಿಳಿ ಹರಳು ತುಂಬಿರುತ್ತದೆ. ನಿಮ್ಮ ಸರ್‌ಗೆ ತೋರಿಸು, ತರಗತಿಯಲ್ಲಿ ಎಲ್ಲರೂ ಮುಟ್ಟಿ ನೋಡಲಿ.

ಪ್ರಶ್ನೆ: ನನ್ನದು ಗೇರ್ ಇಲ್ಲದ ಹಳೆಯ ಕರಿ ಸೈಕಲ್. ನಮ್ಮ ಕಡೆ ಬಯಲು. ನಿಮ್ಮ ಗುಡ್ಡಗಳಿಗೆ ಬರಬಹುದಾ?
— ಓದುಗರು, ಅಕ್ಕಲಕೋಟೆ

ಉತ್ತರ: ಖಂಡಿತ ಬನ್ನಿ. ನನ್ನದೂ ಅಂಥದ್ದೇ. ಇಂಥ ಸೈಕಲ್‌ಗೆ ಸಾಮಾನ್ಯವಾಗಿ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲ್‌ಗೆ 18. ಹಿಂದಿನದನ್ನು 22 ಹಲ್ಲಿನದಕ್ಕೆ ಬದಲಿಸಿ. ಏರಿನಲ್ಲಿ ಕಾಲಿನ ಭಾರ ಸುಮಾರು ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಬಯಲಿನಲ್ಲಿ ಓಟ ಅಷ್ಟೇ ಕಡಿಮೆಯಾಗುತ್ತದೆ, ಅದಕ್ಕೆ ಒಪ್ಪಬೇಕು. ಚೈನ್‌ಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು.

ಅದಕ್ಕಿಂತ ಮುಖ್ಯವಾದದ್ದು ಬ್ರೇಕ್. ಕಬ್ಬಿಣದ ರಿಮ್ ಒದ್ದೆಯಾದರೆ ರಾಡ್ ಬ್ರೇಕ್ ಸರಿಯಾಗಿ ಹಿಡಿಯುವುದೇ ಇಲ್ಲ. ಮಳೆ ಬಂದರೆ ಇಳಿಜಾರಲ್ಲಿ ಕೆಳಗಿಳಿದು ಸೈಕಲ್ ಹಿಡಿದುಕೊಂಡು ನಡೆಯಿರಿ, ನಾಲ್ಕು ಕಿಲೋಮೀಟರ್ ಆದರೂ ಸರಿ. ಹೊರಡುವ ಮೊದಲು ನಾಲ್ಕೂ ಬ್ರೇಕ್ ರಬ್ಬರ್ ಹೊಸದು ಹಾಕಿಸಿ. ಹಳೆಯದೊಂದನ್ನು ಅಂಗಡಿಗೆ ಒಯ್ದು ಅದೇ ಅಳತೆಯದು ಕೇಳಿ.