ಗೇಟು ಆಗಲೇ ಬಿದ್ದಿದೆ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: 'ಕಳೆದ ಸಂಚಿಕೆಯಲ್ಲಿ ಆಂಧ್ರ ವಿಶ್ವವಿದ್ಯಾಲಯ ಕಟ್ಟಿದ ಸಿ.ಆರ್. ರೆಡ್ಡಿಯವರನ್ನು ಹೊಗಳಿದ್ದೀರಿ. ಅವರು ಪಕ್ಷ ಬಿಟ್ಟು ಪಕ್ಷ ಹಿಡಿದ ರಾಜಕಾರಣಿ. ಅಂಥವರನ್ನು ವಿಶ್ವವಿದ್ಯಾಲಯದ ಗೇಟಿನೊಳಗೆ ಬಿಡಬಾರದು.'

ಸಂಪಾದಕರ ಉತ್ತರ: ಸ್ವಾಮಿ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ನಾಮನಿರ್ದೇಶನಗಳನ್ನು ಕಂಡವರಿಗೆ ಸಿಟ್ಟು ಬರದಿದ್ದರೆ ಆಶ್ಚರ್ಯ. ಆದರೆ ರೆಡ್ಡಿಯವರ ಮೇಲೆ ಅದನ್ನು ತೀರಿಸಿಕೊಳ್ಳಬೇಡಿ.

ಚಿತ್ತೂರು ಕಡೆಯ ಕಟ್ಟಮಂಚಿಯವರು, ಕೇಂಬ್ರಿಜ್‌ನಲ್ಲಿ ಓದಿದವರು. ನಮ್ಮ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿ, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿ, ಆಮೇಲೆ ಮದ್ರಾಸಿನ ರಾಜಕೀಯಕ್ಕೆ ಇಳಿದರು. ಆಗ ಅಲ್ಲಿ ಆಳುತ್ತಿದ್ದ ಜಸ್ಟಿಸ್ ಪಕ್ಷ ಬಿಟ್ಟದ್ದು ನಿಜ. ಬಿಟ್ಟು ಹೋದದ್ದು ಎಲ್ಲಿಗೆ? ವಿರೋಧದ ಸಾಲಿಗೆ! 1923ರ ನವೆಂಬರ್‌ನಲ್ಲಿ ಅದೇ ಪಕ್ಷದ ಪಾನಗಲ್ ರಾಜರ ಮಂತ್ರಿಮಂಡಲದ ಮೇಲೆ ಅವಿಶ್ವಾಸ ನಿರ್ಣಯ ತಂದರು. ಪರವಾಗಿ 44 ಮತ, ವಿರುದ್ಧ 65. ಈಗಿನ ಪಕ್ಷಾಂತರಿಗಳು ಗೆಲ್ಲುವಷ್ಟು ತಲೆ ಎಣಿಸದೆ ಹೊಸ್ತಿಲು ದಾಟುತ್ತಾರೆಯೇ?

1926ರಲ್ಲಿ ಆಂಧ್ರ ವಿಶ್ವವಿದ್ಯಾಲಯ ಹುಟ್ಟಿದಾಗ ಅವರೇ ಮೊದಲ ಕುಲಪತಿ. ಕೇಂದ್ರಸ್ಥಾನ ಮೊದಲು ಬೆಜವಾಡ (ಈಗಿನ ವಿಜಯವಾಡ), ಆಮೇಲೆ ವಿಶಾಖಪಟ್ಟಣದ ವಾಲ್ಟೇರು. ಊರೂರಿನ ಹಗ್ಗಜಗ್ಗಾಟದ ನಡುವೆ ಕಟ್ಟಿದ ಸಂಸ್ಥೆ ಅದು. ಕಾನೂನುಭಂಗ ಚಳವಳಿಯನ್ನು ಸರ್ಕಾರ ತುಳಿದಾಗ, 1930ರಲ್ಲಿ, ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಆ ಜಾಗಕ್ಕೆ ರಾಧಾಕೃಷ್ಣನ್ ಬಂದರು. 1936ರಲ್ಲಿ ರೆಡ್ಡಿ ಮತ್ತೆ ಬಂದು 1949ರವರೆಗೆ ಇದ್ದರು. ಯುದ್ಧಕಾಲದಲ್ಲಿ ವಿಶ್ವವಿದ್ಯಾಲಯವನ್ನೇ ಗುಂಟೂರಿಗೆ ಸಾಗಿಸಬೇಕಾಯಿತು, ಅದೂ ಇವರ ಅವಧಿಯಲ್ಲೇ. ಕಟ್ಟಿದ್ದನ್ನು ಬಿಟ್ಟು ಎದ್ದು ಹೋಗಬಲ್ಲ ಎದೆಗಾರಿಕೆಯೇ ಅವರಿಗೆ ಆ ಕುರ್ಚಿಯಲ್ಲಿ ಕೂರುವ ಯೋಗ್ಯತೆ ಕೊಟ್ಟಿತು ಎಂಬುದು ನನ್ನ ಹಟ.

ಇನ್ನು ನಿಮ್ಮ ಗೇಟಿನ ಮಾತು. ರಾಜಕಾರಣಿಗಳ ಪಾಲಿಗೆ ಅದು ಆಗಲೇ ಮುಚ್ಚಿಬಿದ್ದಿದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದ ಪ್ರಕಾರ ಕುಲಪತಿಗೆ ಪ್ರಾಧ್ಯಾಪಕರಾಗಿ, ಇಲ್ಲವೇ ಹೆಸರಾಂತ ಸಂಶೋಧನಾ ಅಥವಾ ಶೈಕ್ಷಣಿಕ ಆಡಳಿತ ಸಂಸ್ಥೆಯಲ್ಲಿ, ಕನಿಷ್ಠ 10 ವರ್ಷದ ಅನುಭವ ಬೇಕು. ನಮ್ಮ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ 2000ದ ಕಾಯ್ದೆಯಲ್ಲಿ ಕುಲಪತಿಯನ್ನು ಹುಡುಕುವ ಶೋಧನಾ ಸಮಿತಿಗೆ ನಾಲ್ವರು: ಕುಲಾಧಿಪತಿ (ಅಂದರೆ ರಾಜ್ಯಪಾಲರು), ಯುಜಿಸಿ, ಸರ್ಕಾರ, ಸಿಂಡಿಕೇಟ್ ಕಡೆಯಿಂದ ತಲಾ ಒಬ್ಬರು. ಅವರು ಮೂರು ಹೆಸರು ಕಳಿಸುತ್ತಾರೆ. ಕುಲಾಧಿಪತಿಗಳು ಸರ್ಕಾರದ ಸಮ್ಮತಿ ಪಡೆದು ಒಬ್ಬರನ್ನು ನೇಮಿಸಬೇಕು. ಕಡತ ಸಿಕ್ಕಿಕೊಳ್ಳುವುದು ಆ 'ಸಮ್ಮತಿ'ಯ ಜಾಗದಲ್ಲೇ. ಜಾತಿ, ಜಿಲ್ಲೆ, ಶಿಫಾರಸು ಎಲ್ಲ ಅಲ್ಲಿ ತೂಗುತ್ತವೆ. ಅಷ್ಟರಲ್ಲಿ ಹಿಂದಿನವರ ನಾಲ್ಕು ವರ್ಷ ಮುಗಿದು, ಹಿರಿಯ ಡೀನ್ ಹಂಗಾಮಿ ಕುಲಪತಿಯಾಗುತ್ತಾರೆ. ಹಂಗಾಮಿಯವರು ನೇಮಕಾತಿ ಕಡತ ಮುಟ್ಟಲು ಹೆದರುತ್ತಾರೆ. ಖಾಲಿ ಹುದ್ದೆಗಳಲ್ಲಿ ಅತಿಥಿ ಉಪನ್ಯಾಸಕರೇ ಇನ್ನೊಂದು ವರ್ಷ ನೂಕುತ್ತಾರೆ. ಇಷ್ಟಕ್ಕೂ ಕುಲಪತಿ ನೇಮಕದ ಆ ಕಡತದಲ್ಲಿರುವ ಮೂವರೂ ವಿದ್ಯಾಸಂಸ್ಥೆಗಳವರೇ, ಸ್ವಾಮಿ. ಒಬ್ಬರೂ ರಾಜಕಾರಣಿಯಲ್ಲ.