ಬರ್ಕ್ಲಿಗಾಗಿ ಶಾಲೆ ಬದಲಿಸಬೇಕಾ?

ಕ್ಯಾಲಿಫೋರ್ನಿಯಾದ ಕೂಪರ್ಟಿನೋದಲ್ಲಿ 9ನೇ ತರಗತಿ ಓದುವ ಮಗಳನ್ನು ಪೈಪೋಟಿ ಕಡಿಮೆ ಇರುವ ಶಾಲೆಗೆ ಹಾಕಿದರೆ ಬರ್ಕ್ಲಿ ಸೀಟು ಸುಲಭವಾಗುತ್ತಾ ಅಂತ ಕೇಳಿದ್ದೀರಿ. ಅದೊಂದೇ ಕಾರಣಕ್ಕೆ ದಯವಿಟ್ಟು ಬದಲಿಸಬೇಡಿ. ಬರ್ಕ್ಲಿ ಒಂದು ಕ್ಯಾಂಪಸ್ ಆಗಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪ್ರತಿ ಅರ್ಜಿಯನ್ನೂ ಆಯಾ ಶಾಲೆಯಲ್ಲಿ ಸಿಗುವ ಅವಕಾಶಗಳ ಜೊತೆ ಇಟ್ಟೇ ನೋಡುತ್ತದೆ. ಶಾಲೆಯ ಮೊದಲ ಶೇ. 9ರೊಳಗೆ ಬಂದವರಿಗೆ ಸೀಟಿನ ಭರವಸೆಯೂ ಇದೆ, ನಿಜ. ಆದರೆ ಅದು ಜಾಗ ಉಳಿದಿರುವ ಯಾವುದೋ ಕ್ಯಾಂಪಸ್‌ನಲ್ಲಿ, ಬರ್ಕ್ಲಿಯಲ್ಲೇ ಅಂತಲ್ಲ. ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕಕ್ಕೆ ಬರುವುದು ಮುಖ್ಯವಾಗಿ 10 ಮತ್ತು 11ನೇ ತರಗತಿಯ ಗ್ರೇಡು, ಹಾಗಾಗಿ ಈಗಲೇ ಗಾಬರಿ ಬೇಡ. ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್ಎಟಿ ಅಂಕವನ್ನಂತೂ ಪ್ರವೇಶಕ್ಕೆ ಅವರು ನೋಡುವುದೇ ಇಲ್ಲ.

ಯಾವ ಶಾಲೆಯಿಂದ ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನಕ್ಕೆ ಸಿಕ್ಕಿತು ಅನ್ನುವುದನ್ನು ವಿಶ್ವವಿದ್ಯಾಲಯವೇ ಕ್ಯಾಂಪಸ್‌ವಾರು ಪ್ರಕಟಿಸುತ್ತದೆ. ಎರಡೂ ಶಾಲೆಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅದಕ್ಕೂ ಮೊದಲು, ಗೆಳತಿಯರನ್ನು ಬಿಟ್ಟು ಹೋಗಲು ಅವಳಿಗೆ ಇಷ್ಟ ಇದೆಯಾ ಅಂತ ಕೇಳಬೇಕು ಅಲ್ವಾ?