ಡಿಸೆಂಬರ್ ಬೇಡ, ಸೆಪ್ಟೆಂಬರಿಗೆ ಹೋಗಿ

ಬೆಂಗಳೂರಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದಾರೆ. ಸಾರಾಂಶ ಇಷ್ಟು: ಕಂಪನೀಲಿ ಮೂರು ತಿಂಗಳು ರಜೆ ಸಿಕ್ಕಿದೆ, ವರ್ಷದಲ್ಲಿ ಯಾವಾಗ ಬೇಕಾದ್ರೂ ತಗೋಬಹುದು. ಮೂಡಿಗೆರೆ ಹತ್ರ ಐದಾರು ಎಕರೆಯ ಒಂದು ಸಾವಯವ ತೋಟದವರು ಊಟ-ವಸತಿ ಕೊಡ್ತೀವಿ, ಡಿಸೆಂಬರಲ್ಲಿ ಬನ್ನಿ, ಕಾಫಿ ಹಣ್ಣು ಕುಯ್ಯೋ ಟೈಮು ಅಂದಿದಾರೆ. ಈಗ ಇವರ ಪ್ರಶ್ನೆಗಳು: ಕೀಬೋರ್ಡ್ ಬಿಟ್ರೆ ಬೇರೇನೂ ಗೊತ್ತಿಲ್ಲದ ನನ್ನಂಥವರಿಂದ ಆ ತೋಟಕ್ಕೆ ಏನಾದ್ರೂ ಉಪಯೋಗ ಇದೆಯಾ? ನಾನು ಬಿಟ್ಟಿ ದುಡಿದ್ರೆ ಕೂಲಿಯವರ ಅನ್ನ ಕಿತ್ಕೊಂಡ ಹಾಗಾಗಲ್ವಾ? ಪ್ರಕೃತಿ ಜೊತೆ ಸೇರಿ ಬೇಸಾಯ ಅಂತಾರಲ್ಲ, ಹಂಗಂದ್ರೆ ಸುಮ್ನೆ ಬಿಟ್ಬಿಡೋದಾ? ಮತ್ತೆ, ಅರಸೀಕೆರೆ ಹತ್ರ ನಮ್ದೇ ಮೂರೆಕರೆ ತೆಂಗಿನ ತೋಟ ಇದೆ, ಅಲ್ಲಿಗೆ ಬಾ ಅಂದ್ರೆ ಬರಲ್ಲ, ಊರೋರ ತೋಟದಲ್ಲಿ ಜೀತ ಮಾಡೋಕೆ ಹೊರಟಿದೀಯಾ ಅಂತ ಅಪ್ಪ ಬೈತಿದಾರೆ, ಏನು ಹೇಳ್ಲಿ?

ಮೊದ್ಲು ಎರಡನೇ ಪ್ರಶ್ನೆ ತಗೋತೀನಿ, ಯಾಕಂದ್ರೆ ಇದನ್ನ ಯಾರೂ ಕೇಳೋದೇ ಇಲ್ಲ, ನೀವು ಕೇಳಿದೀರ. ಕಾಫಿ ಕುಯ್ಲಲ್ಲಿ ಸಾಮಾನ್ಯವಾಗಿ ಕೂಲಿ ಕೊಡೋದು ಕೆಜಿ ಲೆಕ್ಕದಲ್ಲಿ, ಸಂಜೆ ಚೀಲ ತೂಕಕ್ಕಿಟ್ಟು ತೋಟದ ಲೆಕ್ಕ ಬರೆಯೋ ರೈಟರ್ ಬರ್ಕೊಂಡಷ್ಟು ದುಡ್ಡು. ಬಯಲುಸೀಮೆಯಿಂದ ಬಂದೋರು, ಈಗೀಗ ಅಸ್ಸಾಂ ಕಡೆಯಿಂದ ಬಂದೋರು, ತೋಟದೋರು ಕೂಲಿಯವರಿಗೆ ಕಟ್ಟಿಸಿದ ಲೈನ್ ಮನೇಲಿ ಇರೋರು, ಅವರಿಗೆಲ್ಲ ವರ್ಷದಲ್ಲಿ ನಾಲ್ಕು ಕಾಸು ಕೈಯಲ್ಲಿ ಆಡೋದೇ ಆ ಎರಡು ಮೂರು ತಿಂಗಳು. ಅಲ್ಲಿ ನೀವು ಬಿಟ್ಟಿ ಕುಯ್ದ ಪ್ರತಿ ಕೆಜಿನೂ ಯಾರದೋ ಲೆಕ್ಕದಿಂದ ಕಡಿಮೆಯಾದ ಕೆಜಿ. ಅದರ ಮೇಲೆ ನೀವು ಕುಯ್ಯೋದು ನಿಧಾನ, ಹಸಿರು ಕಾಯಿನೂ ಬುಟ್ಟಿಗೆ ಬೀಳುತ್ತೆ, ರೆಕ್ಕೆ, ಅಂದ್ರೆ ಕೊಂಬೆ, ಹಿಡಿದು ಎಳೆದು ಮುರಿದ್ರೆ ಮುಂದಿನ ವರ್ಷದ ಫಸಲೂ ಹೋಯ್ತು. ಆದ್ದರಿಂದ ಡಿಸೆಂಬರ್ ಬೇಡ. ಯಜಮಾನರು ಡಿಸೆಂಬರಿಗೇ ಬನ್ನಿ ಅಂತ ಹಠ ಹಿಡಿದ್ರೆ ಅವರಿಗೆ ಬೇಕಿರೋದು ಬಿಟ್ಟಿ ಆಳು ಅಂತ ನಾನಂತೂ ಅಂದ್ಕೋತೀನಿ, ಬೇರೆ ತೋಟ ನೋಡಿ.

ಹಂಗಾದ್ರೆ ಏನು ಮಾಡೋದು? ಕೂಲಿ ಕೊಟ್ಟು ಮಾಡಿಸಿದ್ರೆ ಗಿಟ್ಟಲ್ಲ ಅಂತ ತೋಟದಲ್ಲಿ ವರ್ಷಾನುಗಟ್ಟಲೆ ಬಿಟ್ಟುಹೋಗಿರೋ ಕೆಲಸ ಇರುತ್ತೆ ನೋಡಿ, ಅದನ್ನ ಕೇಳಿ. ವಿಷ ಹೊಡೆಯದ ತೋಟದಲ್ಲಿ ಅಂಥ ಕೆಲಸ ರಾಶಿ ಇರುತ್ತೆ, ಯಾಕಂದ್ರೆ ಆ ಔಷಧಿಗಳು ಬಂದಿದ್ದೇ ಇಂಥ ಕೈಕೆಲಸ ಉಳಿಸೋಕೆ.

ಬಿಳಿ ಕಾಂಡಕೊರಕನ್ನೇ ತಗೊಳ್ಳಿ. ಅರೇಬಿಕಾ ಜಾತಿಯ ಕಾಫಿ ಬೆಳೆಯೋರ ನಿದ್ದೆ ಕೆಡಿಸೋ ಹುಳ ಇದು. ದುಂಬಿ ಬಂದು ಕಾಂಡದ ಒರಟು ತೊಗಟೆ ಸಂದೀಲಿ ಮೊಟ್ಟೆ ಇಡುತ್ತೆ, ಅದರಲ್ಲೂ ಬಿಸಿಲು ನೇರವಾಗಿ ಬೀಳೋ ಗಿಡ ಅಂದ್ರೆ ಅದಕ್ಕೆ ಬಲು ಇಷ್ಟ, ಮರಿ ಹುಳ ಒಳಗೆ ಸೇರಿ ಸುರಂಗ ಕೊರೆಯುತ್ತೆ, ಎಲೆ ಹಳದಿಯಾಗಿ ಕಾಂಡದ ಮೇಲೆ ಬಳೆ ಥರ ಉಬ್ಬು ಕಾಣೋ ಹೊತ್ತಿಗೆ ಗಿಡದ ಕಥೆ ಮುಗೀತು. ಹಿಂದೆ ಇದಕ್ಕೆ ಲಿಂಡೇನ್ ಅನ್ನೋ ಕೀಟನಾಶಕ ಬಳಿತಿದ್ರು, 2013ರಿಂದ ಅದರ ಬಳಕೆನೇ ನಿಷೇಧ. ಸಾವಯವದಲ್ಲಿ ದಾರಿ ಏನಂದ್ರೆ, ದುಂಬಿ ಹಾರೋ ಕಾಲ ಎರಡು, ಏಪ್ರಿಲ್-ಮೇ ಒಂದು, ಅಕ್ಟೋಬರಿಂದ ಡಿಸೆಂಬರ್ ಇನ್ನೊಂದು. ಅದಕ್ಕೆ ಮುಂಚೆ ತೆಂಗಿನ ನಾರಿನ ಕೈಗವಸು ಹಾಕ್ಕೊಂಡು ಬುಡದಿಂದ ದಪ್ಪ ರೆಕ್ಕೆವರೆಗೂ ಸಡಿಲ ತೊಗಟೆ ಉಜ್ಜಿ ತೆಗೀಬೇಕು, ಒಳಗಿನ ಹಸಿರಿಗೆ ಗಾಯ ಆಗಬಾರದು, ಹುಳ ಬಿದ್ದ ಗಿಡ ಸಿಕ್ಕಿದ್ರೆ ಬೇರು ಸಮೇತ ಕಿತ್ತು ಸುಡಬೇಕು. ಆರಡಿಗೊಂದು ಗಿಡ ಅಂದ್ರೆ ಎಕರೆಗೆ 1200ರ ಆಸುಪಾಸು, ಒಂದೊಂದನ್ನೂ ಮುಟ್ಟಿ ನೋಡಬೇಕು. ಕೂಲಿ ಕೊಟ್ಟು ಇಷ್ಟನ್ನ ನಾಜೂಕಾಗಿ ಮಾಡಿಸೋ ಶಕ್ತಿ ಸಣ್ಣ ಬೆಳೆಗಾರರಿಗೆ ಎಲ್ಲಿದೆ? ಹಂಗಾಗಿ ಅರ್ಧಂಬರ್ಧ ಆಗುತ್ತೆ, ಅರ್ಧಂಬರ್ಧ ಆದ ಕಡೆಯಿಂದ್ಲೇ ಹುಳ ಬರುತ್ತೆ. ತಾಳ್ಮೆ ಇರೋ, ಸೂಕ್ಷ್ಮ ಕಣ್ಣಿರೋ ಒಬ್ಬ ಮನುಷ್ಯ ಎರಡು ತಿಂಗಳು ಇದನ್ನೇ ಮಾಡಿದ್ರೆ ಆ ತೋಟಕ್ಕೆ ನಿಜವಾದ ಉಪಕಾರ, ಕಂಪ್ಯೂಟರ್ ಮುಂದೆ ಕೂತು ಸಾವಿರಾರು ಸಾಲು ಕೋಡಲ್ಲಿ ತಪ್ಪು ಹುಡುಕೋರಿಗೆ ಇದು ಒಗ್ಗದೇ ಇರಲ್ಲ.

ಇಂಥದೇ ಇನ್ನೊಂದು ಕೆಲಸ, ಕುಯ್ಲು ಮುಗಿದ ಮೇಲೆ ನೆಲಕ್ಕೆ ಉದುರಿದ, ಗಿಡದಲ್ಲೇ ಉಳಿದ ಒಣ ಹಣ್ಣು ಆರಿಸೋದು. ಕಾಯಿಕೊರಕ ಅದರೊಳಗೇ ಕೂತು ಮುಂದಿನ ಫಸಲಿಗೆ ಕಾಯ್ತಿರುತ್ತೆ. ಬೆನ್ನು ಬಾಗಿಸಿ ದಿನವೆಲ್ಲ ಆರಿಸಿದ್ರೂ ಚೀಲ ತುಂಬಲ್ಲ, ಕೆಜಿ ಲೆಕ್ಕಕ್ಕೆ ಯಾರು ಬರ್ತಾರೆ ಹೇಳಿ. ಇನ್ನು ಮಳೆನೀರು ಇಂಗೋಕೆ ತೋಡಿ ಈಗ ಕಟ್ಟಿಹೋದ ತೊಟ್ಟಿಲು ಗುಂಡಿ ಬಿಡಿಸೋದು, ಬುಡಕ್ಕೆ ತರಗು ಮುಚ್ಚಿಗೆ ಹಾಕೋದು, ಬೀಜ ಆರಿಸಿ ಒಣಗಿಸಿಡೋದು, ದಿನಾ ಮಳೆ ಅಳತೆ ಬರೆದಿಡೋದು, ಇವೆಲ್ಲ ಇದ್ದಿದ್ದೇ.

ಪ್ರಕೃತಿ ಜೊತೆ ಬೇಸಾಯ ಅಂದ್ರೆ ಬಿಟ್ಬಿಡೋದಾ ಅಂದ್ರಲ್ಲ. ಜಪಾನಿನ ಸಹಜ ಕೃಷಿಕ ಫುಕುವೋಕಾ ಏನೂ ಮಾಡದ ಬೇಸಾಯ ಅಂದಿದ್ದು ಕೇಳಿ ನಮ್ಮಲ್ಲೂ ಕೆಲವರು ಕೈಕಟ್ಟಿ ಕೂರೋದು ಅಂತಲೇ ತಿಳ್ಕೊಂಡ್ರು. ಆ ಮನುಷ್ಯ ಶಿಕೋಕು ದ್ವೀಪದ ತನ್ನ ಗದ್ದೇಲಿ ಯಾವ ಬೀಜ ಯಾವತ್ತು ಚೆಲ್ಲಬೇಕು, ಹುಲ್ಲು ಯಾವಾಗ ಹೊದೆಸಬೇಕು ಅನ್ನೋದನ್ನ ದಶಕಗಟ್ಟಲೆ ನೋಡಿ ನೋಡಿ ಕಂಡ್ಕೊಂಡವರು. ನಮ್ಮ ಮಲೆನಾಡಲ್ಲಿ ಸುಮ್ನೆ ಬಿಟ್ಟು ನೋಡಿ, ಎರಡು ಮಳೆಗಾಲ ಕಳೆಯೋದ್ರೊಳಗೆ ಲಂಟಾನ, ಕಮ್ಯುನಿಸ್ಟ್ ಗಿಡ ಅನ್ನೋ ಕಳೆಗಳು ಎದೆ ಮಟ್ಟ ಬಂದು ದಾರಿನೇ ಕಾಣಲ್ಲ.

ನಿಜವಾದ ವಿಷಯ ಇರೋದು ನೆರಳಲ್ಲಿ. ನಮ್ಮ ಕಾಫಿ ಬೆಳೆಯೋದೇ ಮರದ ಕೆಳಗೆ. ನೆರಳು ಕಮ್ಮಿ ಆಯ್ತೋ, ಬಿಸಿಲು ಬಿದ್ದು ಕಾಂಡಕೊರಕ ಬರುತ್ತೆ. ಜಾಸ್ತಿ ಆಯ್ತೋ, ಜೂನ್-ಜುಲೈ ಮಳೇಲಿ ಗಾಳಿ ಆಡದೆ ಕೊಳೆರೋಗ ಬರುತ್ತೆ. ಎರಡರ ನಡುವೆ ಹದ ಹುಡುಕೋ ಕೆಲಸಕ್ಕೇ ಮರಗಸಿ ಅನ್ನೋದು, ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿದು ಬೆಳಕು ಬಿಡ್ತಾರೆ, ಸೊಪ್ಪು ಬುಡಕ್ಕೆ ಗೊಬ್ಬರ ಆಗುತ್ತೆ. ಅತ್ತಿ, ಬಸರಿ, ಹಲಸು, ಹಾಲವಾಣ ಇರೋ ತೋಟಕ್ಕೂ ಬರೀ ಸಿಲ್ವರ್ ಓಕ್ ನಿಲ್ಲಿಸಿರೋ ತೋಟಕ್ಕೂ ಕಾಲಿಟ್ಟ ತಕ್ಷಣ ವ್ಯತ್ಯಾಸ ಗೊತ್ತಾಗುತ್ತೆ, ತರಗು ಬೇರೆ, ಹಕ್ಕಿ ಬೇರೆ, ನೆಲದ ತಂಪೇ ಬೇರೆ. ಸಿಲ್ವರ್ ಓಕ್ ಬೇಗ ಬೆಳೆಯುತ್ತೆ, ಮೆಣಸು ಹಬ್ಬಿಸೋಕೆ ನೆಟ್ಟಗಿರುತ್ತೆ, ಕಷ್ಟಕ್ಕೆ ಮಾರಬಹುದು, ಹಂಗಾಗಿ ಅದನ್ನ ಹಾಕಿದೋರನ್ನ ನಾನು ಬೈಯಲ್ಲ, ಆದ್ರೆ ಕಲಿಯೋಕೆ ಹೋಗೋರು ಕಾಡುಮರ ಉಳಿಸಿರೋ ತೋಟಕ್ಕೇ ಹೋಗಿ. ರೋಬಸ್ಟಾ ಇದ್ರೆ ಜೇನಿನ ವಿಷಯನೂ ಕೇಳಿ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತೆ, ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಅದನ್ನ ಗಾಳಿನೋ ಜೇನೋ ತರಬೇಕು. ಮಾರ್ಚ್-ಏಪ್ರಿಲಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಬಿದ್ದು ವಾರ-ಹತ್ತು ದಿನಕ್ಕೆ ತೋಟ ಬೆಳ್ಳಗಾದಾಗ ಹೆಜ್ಜೇನು, ತುಡುವೆ ಎರಡೂ ಮುಗಿಬಿದ್ದಿದ್ರೆ ಆ ಸುತ್ತಮುತ್ತ ವಿಷ ಕಮ್ಮಿ ಇದೆ ಅಂತ ನಂಬಬಹುದು.

ಒಂದು ಮಾತು, ತೋಟದಲ್ಲಿ ಸಿದ್ಧಾಂತದ ಜಗಳಕ್ಕೆ ಇಳೀಬೇಡಿ. ಒಬ್ಬರು ಶೂನ್ಯ ಬಂಡವಾಳದ ಕೃಷಿಯ ಸುಭಾಷ್ ಪಾಳೇಕರ್ ಹೇಳಿದ್ದೇ ವೇದ ಅಂತಾರೆ, 200 ಲೀಟರ್ ನೀರಿಗೆ 10 ಕೆಜಿ ನಾಟಿ ಹಸುವಿನ ಸಗಣಿ, ಗಂಜಲ, ಬೆಲ್ಲ, ದ್ವಿದಳ ಹಿಟ್ಟು, ಒಂದು ಹಿಡಿ ಮಣ್ಣು ಹಾಕಿ ಎರಡು ದಿನ ಕಲಕಿ ಎಕರೆಗೆ ಜೀವಾಮೃತ ಕೊಡ್ತಾರೆ. ಇನ್ನೊಬ್ಬರು ಕಾಂಪೋಸ್ಟ್ ಬಿಟ್ಟು ಬೇರೇನೂ ಬೇಡ ಅಂತಾರೆ. ಅಡಿಕೆ ಇರೋರು ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೀತಾರೆ, ಮೈಲುತುತ್ತ ಹಾಕಿ ಎಂಥ ಸಾವಯವ ಅಂತ ನೀವು ಮೂಗು ಮುರೀಬೇಡಿ, ಸಾವಯವ ನಿಯಮದಲ್ಲೇ ಅದಕ್ಕೆ ಮಿತಿ ಹಾಕಿ ಅವಕಾಶ ಕೊಟ್ಟಿದಾರೆ. ಡ್ರಮ್ಮಲ್ಲಿ ಕೋಲು ಆಡಿಸ್ತಾ ಫೋಟೋ ತೆಗೆಸ್ಕೊಳ್ಳೋದು ಬೇಡ ಅನ್ನಲ್ಲ, ಆದ್ರೆ ಆ ಸಗಣಿ ಬಂದ ಕೊಟ್ಟಿಗೆನೂ ಬೆಳಗ್ಗೆ ಗುಡಿಸಿ.

ಸಾವಯವ ಸರ್ಟಿಫಿಕೇಟ್ ಇಲ್ಲ ಅಂತ ಅನುಮಾನ ಪಡಬೇಡಿ. ಕಾಫಿಯಂಥ ಬಹುವಾರ್ಷಿಕ ಬೆಳೆಗೆ 36 ತಿಂಗಳ ಪರಿವರ್ತನೆ ಅವಧಿ ಇದೆ, ಕಾಗದ ಪತ್ರದ ಖರ್ಚಿದೆ. ಕನಿಷ್ಠ ಐದು ಜನ ರೈತರು ಗುಂಪಾಗಿ ಒಬ್ಬರ ತೋಟ ಒಬ್ಬರು ಪರೀಕ್ಷೆ ಮಾಡ್ಕೊಳ್ಳೋ ಪಿಜಿಎಸ್ ಪದ್ಧತಿನೂ ಇದೆ, ಸಣ್ಣವರಿಗೆ ಅದೇ ವಾಸಿ. ಗೇಟಿನ ಬೋರ್ಡಿಗಿಂತ ನಾನಾದ್ರೆ ಯಜಮಾನರ ಕೈ ನೋಡ್ತೀನಿ, ಆಮೇಲೆ ಹೋದ ವರ್ಷ ಏನೇನು ಲಾಸ್ ಆಯ್ತು ಅಂತ ಕೇಳ್ತೀನಿ. ಏನೂ ಇಲ್ಲ, ಎಲ್ಲಾ ಸೂಪರ್ ಅಂದೋರ ಹತ್ರ ಕಲಿಯೋಕೆ ಕಡಿಮೆ ಇರುತ್ತೆ. ಊಟದ ಖರ್ಚಿಗೆ ಅಂತ ಸ್ವಲ್ಪ ಕೇಳಿದ್ರೆ ಕೊಡಿ, ನ್ಯಾಯವೇ. ರಾತ್ರಿಗಿಷ್ಟು ಅಂತ ರೇಟು ಹೇಳಿದ್ರೆ ಅದು ಹೋಂಸ್ಟೇ, ಅಲ್ಲಿ ಆರಾಮಾಗಿ ಮಲಗಿ, ಕೆಲಸ ಯಾಕೆ ಮಾಡ್ತೀರ.

ನಿಮ್ಮಂಥವರಿಂದ ಉಪಯೋಗ ಇದೆಯಾ ಅನ್ನೋ ಪ್ರಶ್ನೆಗೆ ಉತ್ತರ: ಮೊದಲ ಎರಡು ವಾರ ಇಲ್ಲ. ಆ ಎರಡು ವಾರ ನೀವು ಆ ಮನೆಯೋರಿಗೆ ಹೊರೆ, ಕತ್ತಿ ಹಿಡಿಯೋದು ಹೇಳ್ಕೊಡಬೇಕು, ಜಾರಿ ಬಿದ್ರೆ ನೋಡ್ಕೋಬೇಕು, ರೊಟ್ಟಿ ಎರಡು ಜಾಸ್ತಿ ತಟ್ಟಬೇಕು. ಊಟ-ವಸತಿಗೆ ಬದಲು ಸಾವಯವ ತೋಟದಲ್ಲಿ ದುಡಿಯೋ ವೂಫ್ (WWOOF) ಅನ್ನೋ ಜಾಲ ಪ್ರಪಂಚವೆಲ್ಲ ಹಬ್ಬಿದೆಯಲ್ಲ, ಅದನ್ನ 1971ರಲ್ಲಿ ಲಂಡನ್ನಿನ ಸೂ ಕೊಪಾರ್ಡ್ ಅನ್ನೋ ಸೆಕ್ರೆಟರಿ ಶುರು ಮಾಡಿದ್ದು ಸಸೆಕ್ಸಿನ ಒಂದು ತೋಟದಲ್ಲಿ ವೀಕೆಂಡ್ ಕೆಲಸಕ್ಕೆ ಅಂತಲೇ. ಲಂಡನ್ನಿಗೂ ಸಸೆಕ್ಸಿಗೂ ಅದು ಸರಿಹೋಯ್ತೋ ಏನೋ, ಬೆಂಗಳೂರಿಂದ ಶುಕ್ರವಾರ ರಾತ್ರಿ ಬಸ್ ಹತ್ತಿ ಭಾನುವಾರ ವಾಪಸ್ ಹೋಗೋರಿಂದ ಇಲ್ಲಿ ತೊಗಟೆ ಉಜ್ಜೋಕಾಗಲ್ಲ. ಮೂರು ತಿಂಗಳು ಇದೆ ಅಂದ್ರಲ್ಲ, ಪೂರ್ತಿ ಒಂದೇ ಕಡೆ ಇರಿ.

ಹಾಗಾಗಿ ಸೆಪ್ಟೆಂಬರ್ ಮೊದಲ ವಾರಕ್ಕೆ ಹೋಗಿ. ಮಳೆ ಇಳಿಮುಖ ಆಗಿರುತ್ತೆ, ದುಂಬಿ ಹಾರೋಕೆ ಮುಂಚೆ ಕಾಂಡ ಉಜ್ಜೋಕೆ ಸಮಯ ಸಿಗುತ್ತೆ, ನವೆಂಬರಲ್ಲಿ ಅರೇಬಿಕಾ ಮೊದಲ ಕುಯ್ಲು ಹೆಂಗಸರು ಹೇಗೆ ಮಾಡ್ತಾರೆ ಅನ್ನೋದನ್ನೂ ನೋಡಿ ಬರಬಹುದು. ಇನ್ನೊಂದು ಅನುಕೂಲ, ಉಣುಗು (ಉಣ್ಣಿ) ಕಚ್ಚಿ ಹರಡೋ ಮಂಗನ ಕಾಯಿಲೆ ಕಾಟ ಸಾಮಾನ್ಯವಾಗಿ ಶುರುವಾಗೋದು ಡಿಸೆಂಬರ್ ಹೊತ್ತಿಗೆ, ಮೇವರೆಗೂ ಇರುತ್ತೆ. ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆ ಹೋಗೋದಾದ್ರೆ ಆ ದಿನಗಳಲ್ಲಿ ಕಾಡಂಚಿನ ತರಗಲ್ಲಿ ಕೂರಬೇಡಿ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡೋ ಡೇಪಾ ಎಣ್ಣೆ ಹಚ್ಚಿ, ಉಣುಗು ಕಚ್ಚಿ ಜ್ವರ ಬಂದ್ರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸೆಪ್ಟೆಂಬರಲ್ಲಿ ಉಂಬಳ (ಜಿಗಣೆ) ಇರುತ್ತೆ, ಹೊಗೆಸೊಪ್ಪು-ಸುಣ್ಣ ಕಾಲಿಗೆ ತಿಕ್ಕಿಕೊಳ್ಳಿ, ಕಚ್ಚಿದ್ರೂ ಯಾರೂ ಸತ್ತಿಲ್ಲ. ಆನೆ ವಿಷಯ ಮಾತ್ರ ತಮಾಷೆ ಅಲ್ಲ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಈ ನಾಲ್ಕೂ ತಾಲ್ಲೂಕಲ್ಲಿ ಹಿಂಡು ತೋಟದಿಂದ ತೋಟಕ್ಕೆ ಓಡಾಡ್ತಿರುತ್ತೆ, ಬೆಳಕು ಚೆನ್ನಾಗಿ ಹರಿಯೋ ತನಕ ಒಬ್ಬರೇ ತೋಟಕ್ಕೆ ಇಳೀಬೇಡಿ, ಇಯರ್‌ಫೋನ್ ಕಿವೀಲಿ ಇಟ್ಕೊಂಡಂತೂ ಬೇಡವೇ ಬೇಡ.

ಇನ್ನು ಅಪ್ಪ. ಜೀತ ಅಂದಿದ್ದು ಜಾಸ್ತಿ ಆಯ್ತು, ಆದ್ರೆ ಅವರ ಸಿಟ್ಟಲ್ಲಿ ಅರ್ಥ ಇದೆ ಅಂತ ನನಗನ್ಸುತ್ತೆ. ನಮ್ಮ ಕಡೆ ಮುಯ್ಯಾಳು ಅಂತ ಇತ್ತಲ್ಲ, ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು, ಕೂಲಿ ಮಾತೇ ಇಲ್ಲ. ಮುಯ್ಯಿ ತೀರಿಸೋಕೆ ಹೊಲ ಇಲ್ಲದ ಪೇಟೆಯೋರು ವಾಲಂಟಿಯರ್ ಅನ್ನಿಸ್ಕೋತಾರೆ, ನಿಮಗೆ ಮೂರೆಕರೆ ಇದೆ. ಮೂಡಿಗೆರೆಯೋರನ್ನ ಒಂದು ಸಲ ಅರಸೀಕೆರೆಗೆ ಕರೀರಿ, ಮಳೆ ಸಾಲದ ಸೀಮೇಲಿ ಏನು ಮಾಡ್ತೀರ ಅಂತ ಅವರೂ ನೋಡ್ಲಿ. ಅಪ್ಪನ ಹತ್ರನೂ ಕೇಳಿ, ತೆಂಗಿನ ನಡುವೆ ಹಿಂದೆ ರಾಗಿ ಹಾಕ್ತಿದ್ರಾ, ರಾಗಿ ನಡುನಡುವಿನ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಇರ್ತಿತ್ತಾ, ಯಾವಾಗ ನಿಲ್ಲಿಸಿದ್ರು, ಯಾಕೆ. ಅವರೆ ಮಣ್ಣಿಗೆ ಸಾರಜನಕ ಕೊಡ್ತಿತ್ತು, ಹುಚ್ಚೆಳ್ಳಿನ ಹೂವಿಗೆ ಜೇನು ಬರ್ತಿತ್ತು, ಮನೇಗೆ ಚಟ್ನಿಪುಡಿನೂ ಆಗ್ತಿತ್ತು. ಗರಿಗೆ ಕಪ್ಪುತಲೆ ಹುಳು ಬಿದ್ದಿದ್ರೆ ತೋಟಗಾರಿಕೆ ಇಲಾಖೆಯೋರ ಹತ್ರ ಗೋನಿಯೋಜಸ್ ಅನ್ನೋ ಪರತಂತ್ರ ಜೀವಿ ಕೇಳಿ, ಆ ಪುಟ್ಟ ಕಣಜ ಹುಳುವಿನ ಮೇಲೇ ಮೊಟ್ಟೆ ಇಟ್ಟು ಕೊಲ್ಲುತ್ತೆ, ಮರಕ್ಕೆ ವಿಷ ಕಟ್ಟೋದು ತಪ್ಪುತ್ತೆ. ಮೂರು ತಿಂಗಳು ಬೇರೆಯೋರ ತೋಟದಲ್ಲಿ ಬೈಸ್ಕೊಂಡು ಕಲಿತು ಆಮೇಲೆ ಅಪ್ಪನ ಜೊತೆ ಮಾತಾಡೋದು ಸುಲಭ, ಶುರುವಿಗೇ ಅಪ್ಪನ ಹತ್ರ ಕಲಿಯೋಕೆ ಹೋದ್ರೆ ಇಬ್ಬರೂ ನಾಲ್ಕನೇ ದಿನಕ್ಕೆ ಮಾತು ಬಿಡ್ತೀರ, ಇದನ್ನ ಅವರಿಗೂ ಹೀಗೇ ಹೇಳಿ ನೋಡಿ.

ಪತ್ರದ ಅಂಚಲ್ಲಿ ಪೆನ್ಸಿಲಲ್ಲಿ ಇನ್ನೊಂದು ಸಾಲು ಬರೆದಿದೀರ, ಸಾಕಿದ ಬೀಗಲ್ ನಾಯೀನ ಜೊತೇಲಿ ಕರ್ಕೊಂಡು ಹೋಗ್ಬಹುದಾ ಅಂತ. ಬೇಡ. ಚಿರತೆ ಇದೆ.